ಕೂಲಿಮಠದಿಂದ ‘ಅನೌಪಚಾರಿಕ’ದವರೆಗೆ

ಶಿಕ್ಷಣ ಇಲಾಖೆಯ ಹಳೆಯ ವರದಿಗಳನ್ನು ತಿರುವಿಹಾಕುವ ಅಭ್ಯಾಸವುಳ್ಳವರಿಗೆ ಒಂದು ಸಂಗತಿ ಬೇಗನೆ ಕಣ್ಣಿಗೆ ಬೀಳುತ್ತದೆ. ಶಾಲೆಯೊಳಗೆ ನಡೆಯುವ ಕಲಿಕೆಗೆ ಅಲ್ಲಿ ಒಂದೇ ಹೆಸರು. ಬರಿಯ ‘ಶಿಕ್ಷಣ’ವೆಂದರೆ ಸಾಕು. ಶಾಲೆಯ ಗೋಡೆಯಿಂದಾಚೆ ನಡೆಯುವ ಕಲಿಕೆಗಾದರೋ ಹೆಸರುಗಳ ಜಾತ್ರೆಯೇ ನೆರೆದಿದೆ. ವಯಸ್ಕರ ಶಿಕ್ಷಣ, ಸಮಾಜ ಶಿಕ್ಷಣ, ಮೂಲ ಶಿಕ್ಷಣ, ಕ್ರಿಯಾತ್ಮಕ ಸಾಕ್ಷರತೆ, ಅನೌಪಚಾರಿಕ ಶಿಕ್ಷಣ, ನಿರಂತರ ಶಿಕ್ಷಣ, ಪರ್ಯಾಯ ಶಿಕ್ಷಣ—ಹೀಗೆ ಹತ್ತು ಹದಿನೈದು ವರ್ಷಗಳಿಗೊಮ್ಮೆ ಹೊಸದೊಂದು ನಾಮಕರಣ ನಡೆಯುತ್ತಲೇ ಬಂದಿದೆ. ಇವುಗಳ ಅರ್ಥವೇನೆಂದು ನಿಘಂಟನ್ನು ಕೇಳಹೋದರೆ ಗೊಂದಲ ಹೆಚ್ಚುವುದೇ ಹೊರತು ಕಡಿಮೆಯಾಗದು. ಹಿಂದಿಯವರ ‘ಪ್ರೌಢ ಶಿಕ್ಷಾ’ ಮೀಸೆ ನರೆತವರಿಗಾಗಿ ಇರುವುದು. ನಮ್ಮ ಪ್ರೌಢಶಾಲೆಯಾದರೋ ಇನ್ನೂ ಮೀಸೆ ಮೂಡದ ಹುಡುಗರದು. ‘ಔಪಚಾರಿಕ’ವೆಂದರೆ ನಮ್ಮ ಮಾತಿನಲ್ಲಿ ಉಪಚಾರಕ್ಕಾಗಿ ಆಡಿದ್ದು, ಮಾಡಿದ್ದು. ಹಾಗಾದರೆ ‘ಅನೌಪಚಾರಿಕ ಶಿಕ್ಷಣ’ವೆಂದರೆ ಉಪಚಾರವಿಲ್ಲದೆ ಕೊಡುವ ಶಿಕ್ಷಣವೋ ಎಂದು ಹಳ್ಳಿಯ ಹಿರಿಯರೊಬ್ಬರು ಕೇಳಿದರೆ ನಗುವಂತಿಲ್ಲ. ಆ ಪ್ರಶ್ನೆಯಲ್ಲಿ ಸತ್ಯಾಂಶ ಎಷ್ಟಿದೆಯೆಂಬುದು ಮುಂದೆ ಗೊತ್ತಾಗುತ್ತದೆ.

ಈ ಪದಗಳನ್ನು ತಿಳಿಯಬೇಕಾದರೆ ಅವು ಯಾವ ಕಾಲದಲ್ಲಿ, ಯಾವ ವ್ಯಾಜ್ಯದ ನಡುವೆ ಹುಟ್ಟಿದುವೆಂಬುದನ್ನು ನೋಡಬೇಕು. ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾರನ್ನು ಬಿಡಬೇಕು ಎಂಬುದನ್ನು ಒಂದೊಂದು ಪದವೂ ಸದ್ದಿಲ್ಲದೆ ತೀರ್ಮಾನಿಸುತ್ತ ಬಂದಿದೆ.

ಇಂಥ ವಿಶೇಷಣಗಳೊಂದೂ ಇಲ್ಲದೆ ನಮ್ಮ ಮಕ್ಕಳು ಕಲಿತ ಕಾಲವೊಂದಿತ್ತು. ಆಗ ಇದ್ದುದು ಮಠ. ಮಠವೆಂದರೆ ಸಂನ್ಯಾಸಿಗಳದಲ್ಲ, ಊರ ಜಗಲಿಯಲ್ಲೋ ಗುಡಿಯ ಪ್ರಾಕಾರದಲ್ಲೋ ಐಗಳು ನಡೆಸುತ್ತಿದ್ದ ಪಾಠಶಾಲೆ. ಹುಡುಗರ ಮನೆಯವರು ಕೊಟ್ಟ ಕೂಲಿಯಿಂದಲೇ ಐಗಳ ಸಂಸಾರ ನಡೆಯಬೇಕಾಗಿದ್ದುದರಿಂದ ಅದು ಕೂಲಿಮಠ. ಈ ಮಠಗಳ ವಿಷಯದಲ್ಲಿ ನಮಗೆ ದೊರೆಯುವ ಅತ್ಯಂತ ಸೊಗಸಾದ ದಾಖಲೆ ಒಬ್ಬ ಇಂಗ್ಲಿಷ್ ಅಧಿಕಾರಿಯದು. 1822ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಸರ್ ಥಾಮಸ್ ಮನ್ರೋ ತನ್ನ ಆಧಿಪತ್ಯದ ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕವನ್ನು ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ. ಅನೇಕ ಕಲೆಕ್ಟರರು ಅಂಕಿಗಳನ್ನಷ್ಟೆ ತುಂಬಿ ಕೈ ತೊಳೆದುಕೊಂಡರೆ, ಈತ ಮಠದೊಳಕ್ಕೆ ಇಣುಕಿ ನೋಡಿದಂತೆ ಬರೆದಿದ್ದಾನೆ.

ಆಗಿನ ಬಳ್ಳಾರಿ ಇಂದಿನ ಜಿಲ್ಲೆಗಿಂತ ಬಹಳ ದೊಡ್ಡದು. ಅನಂತಪುರದ ಸೀಮೆಯೂ ಅದರಲ್ಲೇ ಸೇರಿತ್ತು. ಜನಸಂಖ್ಯೆ 9,27,857. ಶಾಲೆಗಳು 533. ಅವುಗಳಲ್ಲಿ ಕನ್ನಡ ಕಲಿಸುವುವು 235, ತೆಲುಗಿನವು 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4; ಇಂಗ್ಲಿಷಿನದು ಒಂದೇ ಒಂದು. ಓದುವ ಮಕ್ಕಳು 6,641. ಐದನೆಯ ವಯಸ್ಸಿಗೆ ಮಗುವಿನ ಮನೆಗೆ ಐಗಳನ್ನೂ ಮಠದ ಹುಡುಗರನ್ನೂ ಕರೆಸಿ, ಗಣಪತಿಯನ್ನು ಪೂಜಿಸಿ, ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ದೇವರ ಹೆಸರನ್ನು ಬರೆಸುತ್ತಿದ್ದರಂತೆ. ಮಾರನೆಯ ದಿನದಿಂದ ಮಠ. ಬೆಳಗಿನ ಆರು ಗಂಟೆಗೆ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರು. ಎರಡನೆಯವನಿಗೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲವೆಂದು ಒಂದು ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾಗಿ ಬಂದಂತೆಲ್ಲ ಒಂದೊಂದೇ ಹೆಚ್ಚು. ಸೋಮಾರಿ ಹುಡುಗನ ಕೈಗಳಿಗೆ ಹಗ್ಗ ಕಟ್ಟಿ ಸೂರಿಗೆ ನೇತುಹಾಕುವ ಶಿಕ್ಷೆಯೂ ಇದ್ದಿತು. ಹಳೆಯದೆಲ್ಲ ಹೊನ್ನೆಂದು ಹಾಡುವವರು ಈ ಭಾಗವನ್ನು ಬಿಟ್ಟು ಓದುತ್ತಾರೆ.

ಬರವಣಿಗೆಯ ಸಾಮಗ್ರಿಯನ್ನು ಕ್ಯಾಂಪ್‌ಬೆಲ್ ಕನ್ನಡದ ಹೆಸರುಗಳಿಂದಲೇ ಗುರುತಿಸುತ್ತಾನೆ. ಮೊದಲು ಮರಳಿನ ಮೇಲೆ ಬೆರಳು, ಅನಂತರ ಹಲಗೆ, ಇಲ್ಲವೆ ಕಡತ. ಬಟ್ಟೆಗೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟು ಬೆರೆಸಿದ ಮಸಿಯನ್ನು ಬಳಿದರೆ ಕಡತ. ಬಳಪದಿಂದ ಬರೆಯುವುದು, ಒದ್ದೆ ಬಟ್ಟೆಯಿಂದ ಒರೆಸುವುದು. ಮಠದ ಹುಡುಗರ ಕೈಯಲ್ಲಿದ್ದ ಈ ಪದ ಈಗ ಕಚೇರಿಯ ಕಪಾಟನ್ನು ಸೇರಿ, ಬರೆದದ್ದನ್ನು ಒರೆಸಲಾಗದ ವಸ್ತುವಾಗಿ ಕುಳಿತಿದೆ.

ಕಲೆಕ್ಟರನು ಮೆಚ್ಚಿದ್ದು ಎರಡು ವಿಷಯಗಳನ್ನು: ಬರೆಯಲು ಕಲಿಸುವುದಕ್ಕೆ ತಗಲುವ ಖರ್ಚು ಎಷ್ಟು ಕಡಿಮೆಯೆಂಬುದು, ಮತ್ತು ಮುಂದಿನ ಹುಡುಗರೇ ಹಿಂದಿನವರಿಗೆ ಪಾಠ ಹೇಳುವ ಪದ್ಧತಿ. ಈ ಎರಡನೆಯದು ಆ ವೇಳೆಗಾಗಲೆ ಹಡಗು ಹತ್ತಿ ಇಂಗ್ಲೆಂಡನ್ನು ಸೇರಿತ್ತು. ಮದರಾಸಿನ ಎಗ್ಮೋರಿನ ಅನಾಥಾಲಯವನ್ನು 1789ರಿಂದ ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ದೇಶೀಯ ಶಾಲೆಯೊಂದರ ಮಕ್ಕಳು ಮರಳಿನ ಮೇಲೆ ಬರೆಯುತ್ತಿದ್ದುದನ್ನು ಕಂಡು ತನ್ನಲ್ಲಿಯೂ ಅದನ್ನು ತಂದು, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಕಲಿಸುವ ಏರ್ಪಾಡನ್ನು ಮಾಡಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಬರೆದ. ಅಲ್ಲಿ ಅದು ‘ಮದರಾಸು ಪದ್ಧತಿ’ ಎಂದೇ ಹೆಸರಾಯಿತು. ಸುಮಾರು ನೂರಮೂವತ್ತು ವರ್ಷಗಳ ತರುವಾಯ ಫಿಲಿಪೀನ್ಸಿನಲ್ಲಿದ್ದ ಅಮೆರಿಕದ ಮಿಷನರಿ ಫ್ರಾಂಕ್ ಲಾಬಾಕ್, ಉಪಾಧ್ಯಾಯರಿಗೆ ಸಂಬಳ ಕೊಡಲು ಹಣ ಸಾಲದೆ ಬಂದಾಗ, ಕಲಿತ ಪ್ರತಿಯೊಬ್ಬನೂ ಇನ್ನೊಬ್ಬನಿಗೆ ಕಲಿಸಬೇಕೆಂಬ ಸೂತ್ರವನ್ನು ಹೂಡಿದ. 1930ರ ದಶಕದಲ್ಲಿ ಆತ ನಮ್ಮ ದೇಶಕ್ಕೂ ಬಂದಾಗ ನಾವು ಅದನ್ನು ಹೊಸ ಮಾತೆಂದು ಸ್ವಾಗತಿಸಿದೆವು. ಊರಿನಿಂದ ಹೊರಟ ಮಗ ಸೂಟು ಹಾಕಿಕೊಂಡು ಬಂದರೆ ಮನೆಯವರಿಗೂ ಗುರುತು ಸಿಗುವುದಿಲ್ಲವಷ್ಟೆ.

ಆದರೆ ಆ ಮಠಗಳ ವಿಷಯದಲ್ಲಿ ಎರಡು ಮಾತನ್ನು ಮರೆಯುವಂತಿಲ್ಲ. ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60 ಮಂದಿ. ಮಠದ ಬಾಗಿಲು ತೆರೆದಿದ್ದುದು ಯಾರಿಗೆ, ಮುಚ್ಚಿದ್ದುದು ಯಾರಿಗೆ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಎರಡನೆಯದು ಕ್ಯಾಂಪ್‌ಬೆಲ್ಲನ ಧೈರ್ಯಕ್ಕೆ ಸಂಬಂಧಿಸಿದ್ದು: ಹಿಂದೆ ಮಠವಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಮಠವಿಲ್ಲವೆಂದೂ, ವಿಲಾಯಿತಿ ಬಟ್ಟೆ ಬಂದು ನೇಕಾರರು ನೆಲಕಚ್ಚಿ ದೇಶವೇ ಬಡವಾದುದು ಅದಕ್ಕೆ ಕಾರಣವೆಂದೂ ಆತ ತನ್ನ ಸರಕಾರಕ್ಕೇ ಬರೆದುಬಿಟ್ಟ. ಮಕ್ಕಳು ಶಾಲೆಯನ್ನು ಏಕೆ ಬಿಡುತ್ತಾರೆಂದು ಕೇಳುವ ಇಂದಿನ ಸಮಿತಿಗಳು ಆ ಕಾಗದವನ್ನೊಮ್ಮೆ ನೋಡಬಹುದು.

ಮಠ ಕ್ಷೀಣಿಸಿ, ಸರಕಾರದ ಅನುದಾನ, ತರಗತಿ, ಪರೀಕ್ಷೆ, ಸರ್ಟಿಫಿಕೇಟುಗಳ ಶಾಲೆ ನೆಲೆಯೂರಿದ ಮೇಲೆ ಹೊಸ ವರ್ಗವೊಂದು ಹುಟ್ಟಿತು. ಅದನ್ನು ಹುಟ್ಟಿಸಿದುದು ಜನಗಣತಿ. 1881 ಮತ್ತು 1891ರ ಗಣತಿಗಳಲ್ಲಿ ಜನರನ್ನು ಕಲಿಯುತ್ತಿರುವವರು, ಓದು ಬರಹ ಬಲ್ಲವರು, ಬಾರದವರು ಎಂದು ಮೂರಾಗಿ ವಿಂಗಡಿಸಿದರು. 1901ರಲ್ಲಿ ಮೂರು ಎರಡಾಯಿತು; ಬಲ್ಲವರು, ಬಾರದವರು, ಅಷ್ಟೆ. 1911ರಲ್ಲಿ ಒಂದು ಸೊಗಸಾದ ಪರೀಕ್ಷೆಯನ್ನಿಟ್ಟರು: ಸ್ನೇಹಿತನಿಗೆ ಕಾಗದ ಬರೆದು, ಅವನ ಉತ್ತರವನ್ನು ಓದಿಕೊಳ್ಳಬಲ್ಲವನೇ ಸಾಕ್ಷರ. ಸ್ನೇಹಿತನಿಗೂ ಓದು ಬರಬೇಕಲ್ಲ ಎಂಬ ತೊಡಕನ್ನು ಗಣತಿಯವರು ಲಕ್ಷ್ಯಕ್ಕೆ ತಂದುಕೊಂಡಂತೆ ಕಾಣುವುದಿಲ್ಲ. 1951ರ ಗಣತಿಯಲ್ಲಿ ದೇಶದ ಸಾಕ್ಷರರು ನೂರಕ್ಕೆ 18 ಜನ. 2011ರಲ್ಲಿ ಏಳು ವರ್ಷ ಮೀರಿದವರಲ್ಲಿ ನೂರಕ್ಕೆ ಸುಮಾರು 73.

‘ಸಾಕ್ಷರ’ ಎಂಬ ಪದಕ್ಕೆ ಮೊದಲು ಇದ್ದ ಗೌರವವೇ ಬೇರೆ. ಗುಜರಾತಿಯಲ್ಲಿ ಅದು ಸಾಹಿತಿಗೆ, ಪಂಡಿತನಿಗೆ ಸಲ್ಲುವ ಮಾತು. ಕನ್ನಡದಲ್ಲಿ ಅದರ ಎದುರು ಪದ ‘ನಿರಕ್ಷರಕುಕ್ಷಿ’ ಒಂದು ಬೈಗುಳ. ಗಣತಿಯ ಗುಮಾಸ್ತ ಈ ಎರಡು ತುದಿಗಳ ನಡುವೆ ಒಂದು ಗೆರೆ ಎಳೆದು, ಸಹಿ ಹಾಕಬಲ್ಲವರನ್ನು ಹೆಚ್ಚುಕಡಿಮೆ ಪಂಡಿತರ ಪಂಕ್ತಿಗೂ ಉಳಿದವರನ್ನೆಲ್ಲ ಬೈಗುಳದ ಪಂಕ್ತಿಗೂ ಸೇರಿಸಿದ. ಸಾವಿರಾರು ತ್ರಿಪದಿಗಳನ್ನು ಬೀಸುಕಲ್ಲಿನ ಮುಂದೆ ಹಾಡಬಲ್ಲ ಮುದುಕಿ, ಹದಿನಾರು ಬಗೆಯ ಮಣ್ಣನ್ನು ಮುಟ್ಟಿ ಹೇಳಬಲ್ಲ ಒಕ್ಕಲಿಗ, ಇಬ್ಬರೂ ಅವನ ಪುಸ್ತಕದಲ್ಲಿ ಸೊನ್ನೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ನಮ್ಮ ನಾಡಿನವರನ್ನು ಹೊಗಳುವಾಗ, ಅವರು ಪುಸ್ತಕ ಹಿಡಿದು ಓದದಿದ್ದರೂ ಕಾವ್ಯವನ್ನು ಬಲ್ಲವರೆಂದು ಹೇಳಿತ್ತು. ಆ ಕವಿ 1901ರ ಗಣತಿಗೆ ಬಂದಿದ್ದರೆ ಅವರೆಲ್ಲರನ್ನೂ ಎರಡನೆಯ ಕಲಮಿನಲ್ಲಿ ಬರೆಯಬೇಕಾಗುತ್ತಿತ್ತು. ಹೆಬ್ಬೆಟ್ಟಿನವರೆಂದು ನಾವು ಹಗುರವಾಗಿ ಆಡುತ್ತಿದ್ದ ಮಾತಂತೂ ಈಗ ಯಾರಿಗೂ ಒಪ್ಪುವುದಿಲ್ಲ, ಎಂ. ಎ. ಓದಿದವರೂ ಆಧಾರ್ ಯಂತ್ರದ ಮುಂದೆ ಹೆಬ್ಬೆಟ್ಟು ಒತ್ತಿಯೇ ಮುಂದೆ ಹೋಗುತ್ತಾರೆ.

ಅಕ್ಷರವೇ ಶಿಕ್ಷಣವೆಂಬ ಈ ಲೆಕ್ಕಕ್ಕೆ ಎದುರಾಡಿದವರಲ್ಲಿ ಗಾಂಧೀಜಿ ಮುಖ್ಯರು. ಅಕ್ಷರಜ್ಞಾನ ಶಿಕ್ಷಣದ ಆರಂಭವೂ ಅಲ್ಲ ಕೊನೆಯೂ ಅಲ್ಲ ಎಂಬ ಅಭಿಪ್ರಾಯವನ್ನು 1937ರ ಜುಲೈನಲ್ಲಿ ‘ಹರಿಜನ’ದಲ್ಲಿ ಬರೆದರು, ಅದೇ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸಮ್ಮೇಳನ ಸೇರಿ, ಕೈಕಸುಬಿನ ಮೂಲಕ ಎಲ್ಲವನ್ನೂ ಕಲಿಸುವ ‘ನಯೀ ತಾಲೀಮ್’ ರೂಪುಗೊಂಡಿತು. ಕನ್ನಡದಲ್ಲಿ ಅದೇ ಮೂಲ ಶಿಕ್ಷಣ. ಅದು ಶಾಲೆಗಳಲ್ಲಿ ತಕಲಿ ತಿರುಗಿಸುವ ಒಂದು ಪೀರಿಯಡ್ಡಾಗಿ ಸೊರಗಿದ ಕಥೆ ನಮ್ಮ ಹಿರಿಯರಿಗೆ ಗೊತ್ತಿರುವುದೇ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮೌಲಾನಾ ಆಜಾದರ ಮಂತ್ರಿತ್ವದಲ್ಲಿ ‘ವಯಸ್ಕರ ಶಿಕ್ಷಣ’ದ ಬದಲಿಗೆ ‘ಸಮಾಜ ಶಿಕ್ಷಣ’ವೆಂಬ ಪದ ಬಂದಿತು. ಮತ ಚಲಾಯಿಸಲಿರುವ ಪ್ರಜೆಗೆ ಅಕ್ಷರದ ಜೊತೆಗೆ ಆರೋಗ್ಯ, ಪೌರತನ, ಮನರಂಜನೆ ಎಲ್ಲವೂ ಬೇಕೆಂಬುದು ಅದರ ಇಂಗಿತ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ಈ ಪದವೂ ಜೀಪು ಹತ್ತಿ ಹಳ್ಳಿಗಳಿಗೆ ಹೋಯಿತು.

ಮೈಸೂರಿನವರು ಇದಕ್ಕಿಂತ ಮುಂಚೆಯೇ ತಮ್ಮದೊಂದು ದಾರಿಯನ್ನು ಹಿಡಿದಿದ್ದರು. 1940ರ ದಶಕದಲ್ಲಿ ಸಾಕ್ಷರತೆಯ ಹೆಸರಿನಿಂದ ಕೆಲಸಕ್ಕೆ ತೊಡಗಿದ ಸಂಸ್ಥೆಯೇ ಮುಂದೆ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯಾಯಿತು. ಹೊಸದಾಗಿ ಓದು ಕಲಿತವರಿಗೆಂದು ‘ಬೆಳಕು’ ಪತ್ರಿಕೆಯನ್ನು ಹೊರಡಿಸಿದ ಸಮಿತಿ ಇದೇ. ಹಳ್ಳಿಯ ತರುಣರನ್ನು ಕೆಲವು ತಿಂಗಳು ಒಂದೆಡೆ ವಾಸಕ್ಕಿರಿಸಿಕೊಂಡು ಬೇಸಾಯ, ಕಸುಬು, ಊರಿನ ವ್ಯವಹಾರ ಇವನ್ನು ಕಲಿಸುವ ವಿದ್ಯಾಪೀಠಗಳನ್ನೂ ಅದು ತೆರೆಯಿತು. ವಿದ್ಯಾಪೀಠವೆಂಬ ಹೆಸರು ನಮ್ಮದಾದರೂ ಮಾದರಿ ಡೆನ್ಮಾರ್ಕಿನದು. ಅಲ್ಲಿ ಗ್ರುಂಟ್‌ವಿಗ್ (1783–1872) ಎಂಬ ಪಾದ್ರಿ, ಕವಿ, ಲ್ಯಾಟಿನ್ ಉರುಹೊಡೆಸುವ ಶಾಲೆಗಳನ್ನು ಸಾವಿನ ಶಾಲೆಗಳೆಂದು ಜರೆದು, ರೈತರ ಮಕ್ಕಳಿಗೆ ಬದುಕಿನ ಶಾಲೆ ಬೇಕೆಂದು ವಾದಿಸಿದ. ಪುಸ್ತಕಕ್ಕಿಂತ ಬಾಯಿಮಾತು, ಹಾಡು, ಸಂವಾದ, ಪರೀಕ್ಷೆಯಿಲ್ಲ, ಪದವಿಯಿಲ್ಲ. 1844ರಲ್ಲಿ ರೋಡಿಂಗ್ ಎಂಬಲ್ಲಿ ಇಂಥ ಮೊದಲ ಜನತಾ ವಿದ್ಯಾಲಯ ತೆರೆಯಿತು. ಗ್ರುಂಟ್‌ವಿಗ್ ಮಾತ್ರ ತಾನೇ ಒಂದನ್ನೂ ನಡೆಸಲಿಲ್ಲ. ಜರ್ಮನರೊಡನೆ ಹೋರಾಡಿ 1864ರಲ್ಲಿ ನೆಲ ಕಳೆದುಕೊಂಡ ಆ ಚಿಕ್ಕ ದೇಶದ ಒಕ್ಕಲಿಗರು ಮುಂದೆ ಹಾಲಿನ ಸಹಕಾರ ಸಂಘಗಳನ್ನು ಕಟ್ಟಿ ಮೇಲೆದ್ದುದಕ್ಕೆ ಈ ಶಾಲೆಗಳೇ ಕಾರಣವೆಂದು ಹೇಳುವವರುಂಟು. ‘ಪರ್ಯಾಯ ಶಿಕ್ಷಣ’ವೆಂಬ ಮಾತಿಗೆ ಗಟ್ಟಿಯಾದ ಅರ್ಥವೊಂದಿದ್ದರೆ ಅದನ್ನು ಇಲ್ಲಿ ಕಾಣಬಹುದು: ಶಾಲೆಗೆ ಹೋಗಲಾಗದವರಿಗೆ ಕೊಡುವ ಬದಲಿ ವಸ್ತುವಾಗಿರದೆ, ಶಾಲೆಗೇ ಎದುರಾಗಿ ನಿಲ್ಲಿಸಿದ ಇನ್ನೊಂದು ಶಾಲೆ.

ಶಾಲೆಗೆ ಎದುರುನಿಂತು ಅದಕ್ಕೆ ಬೆಲೆ ತೆತ್ತವನ ಕಥೆ ಬ್ರೆಜಿಲಿನದು. ಅಲ್ಲಿನ ಕಾನೂನಿನಂತೆ ಓದುಬರಹ ಬಾರದವನಿಗೆ 1985ರವರೆಗೆ ಮತದ ಹಕ್ಕಿರಲಿಲ್ಲ. 1951–52ರ ನಮ್ಮ ಮೊದಲ ಮಹಾಚುನಾವಣೆಯಲ್ಲಿ ಎತ್ತಿನ ಜೋಡಿ, ಗುಡಿಸಲು, ತೆನೆ ಮುಂತಾದ ಗುರುತುಗಳನ್ನು ನೋಡಿ ಕೋಟ್ಯಂತರ ಮಂದಿ ನಿರಕ್ಷರರು ಮತ ಹಾಕಿದ್ದನ್ನು ನೆನೆದರೆ ಅಂತರ ಗೊತ್ತಾಗುತ್ತದೆ. ಬ್ರೆಜಿಲಿನಲ್ಲಿ ಅಕ್ಷರವೆಂದರೆ ಅಧಿಕಾರದ ಬೀಗದ ಕೈ. 1963ರಲ್ಲಿ ಆಂಜಿಕೋಸ್ ಎಂಬ ಬಡ ಊರಿನಲ್ಲಿ ಪಾವ್ಲೋ ಫ್ರೇರೆ ಮತ್ತು ಅವನ ಸಂಗಡಿಗರು ಮುನ್ನೂರು ಮಂದಿ ದುಡಿಯುವ ಜನರಿಗೆ ಸುಮಾರು ನಲವತ್ತು ಗಂಟೆಗಳಲ್ಲಿ ಓದು ಕಲಿಸಲು ಹೊರಟರು. ಮೊದಲು ಅವರು ಪದಗಳನ್ನು ಬದಲಾಯಿಸಿದರು. ತರಗತಿಯೆನ್ನಲಿಲ್ಲ, ‘ಸಂಸ್ಕೃತಿಯ ಬಳಗ’ವೆಂದರು, ಮೇಷ್ಟ್ರ ಜಾಗದಲ್ಲಿ ಮಾತುಕತೆ ನಡೆಸಿಕೊಡುವವನೊಬ್ಬ, ಶಿಷ್ಯರ ಜಾಗದಲ್ಲಿ ಪಾಲುಗಾರರು. ಮಾತು ಆರಂಭವಾಗುವುದು ಆ ಜನರ ಬದುಕಿನ ಪದವೊಂದರಿಂದ. ಪ್ರಸಿದ್ಧವಾದ ಉದಾಹರಣೆ ‘ತಿಜೋಲೋ’, ಎಂದರೆ ಇಟ್ಟಿಗೆ. ಇಟ್ಟಿಗೆ ಹೊರುವವನು ಯಾರು, ಮನೆ ಯಾರದು ಎಂದು ಮಾತನಾಡಿದ ಮೇಲೆ ಪದವನ್ನು ಒಡೆಯುವುದು: ತ ತೆ ತಿ ತೊ ತು, ಜ ಜೆ ಜಿ ಜೊ ಜು, ಲ ಲೆ ಲಿ ಲೊ ಲು. ಓದುಗರು ಆಗಲೆ ಗುರುತಿಸಿದ್ದಾರು—ಇದು ನಮ್ಮ ಕಾಗುಣಿತ! ಐಗಳು ಮರಳಿನ ಮೇಲೆ ತಿದ್ದಿಸಿದ್ದೂ ಇದನ್ನೇ. ಭೇದವಿಷ್ಟೆ: ಆಂಜಿಕೋಸಿನಲ್ಲಿ ಕಾಗುಣಿತಕ್ಕೆ ಮೊದಲು ಪ್ರಶ್ನೆ ಬಂದಿತು, ಮಠದಲ್ಲಿ ಪ್ರಶ್ನೆಗೆ ಮೊದಲು ಬೆತ್ತ ಬರುತ್ತಿತ್ತು.

ಮರುವರ್ಷ, 1964ರಲ್ಲಿ, ಬ್ರೆಜಿಲಿನಲ್ಲಿ ಸೈನ್ಯ ಅಧಿಕಾರವನ್ನು ಕಿತ್ತುಕೊಂಡಿತು. ಫ್ರೇರೆ ಸೆರೆಮನೆ ಸೇರಿ, ಆಮೇಲೆ ದೇಶ ಬಿಡಬೇಕಾಯಿತು. ಕಾಗುಣಿತ ಕಲಿಸಿದವನನ್ನು ಸೇನಾಪತಿಗಳು ಅಪಾಯಕಾರಿಯೆಂದು ಬಗೆದದ್ದು, ಅವರ ದೃಷ್ಟಿಯಿಂದ ನೋಡಿದರೆ, ಸರಿಯಾದ ಲೆಕ್ಕಾಚಾರವೇ. ಜನ ತಮ್ಮ ಬದುಕನ್ನು ತಾವೇ ಓದಿಕೊಳ್ಳುವ ಎಚ್ಚರಕ್ಕೆ ಅವನು ಬಳಸಿದ ಪದ ಕನ್ನಡದಲ್ಲಿ ‘ಜಾಗೃತಿ’ಯಾಗಿ ಬಂದು, ‘ಜಾಗೃತಿ ಮೂಡಿಸುವ ಕಾರ್ಯಕ್ರಮ’ವಾಗಿ, ಕೊನೆಗೆ ಒಂದು ಬ್ಯಾನರೂ ಒಂದು ಜಾಥಾವೂ ಆಗಿ ಇಳಿದುಹೋಯಿತು. ಆದರೂ ಒಮ್ಮೊಮ್ಮೆ ಮೂಲದ ಅರ್ಥ ತಲೆ ಎತ್ತುತ್ತದೆ. ಸಾಕ್ಷರತಾ ಆಂದೋಲನದ ಕಾಲದಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ವಾಚಿಕೆಯೊಂದರಲ್ಲಿ ಸಾರಾಯಿಯಿಂದ ಹಾಳಾದ ಸಂಸಾರದ ಕಥೆಯಿತ್ತು. ಅದನ್ನು ಓದಿದ ದೂಬಗುಂಟದ ಹೆಂಗಸರು ಪಾಠಕ್ಕೆ ಮುಕ್ತಾಯ ಹೇಳದೆ ಎದ್ದು ಹೋಗಿ ಊರಿನ ಸಾರಾಯಿ ಮಾರಾಟವನ್ನೇ ನಿಲ್ಲಿಸಿದರು. 1992ರಲ್ಲಿ ಅದು ಜಿಲ್ಲೆಗೆಲ್ಲ ಹಬ್ಬಿ, 1993ರ ಅಕ್ಟೋಬರಿನಲ್ಲಿ ಆಂಧ್ರ ಸರಕಾರ ಸಾರಾಯಿಯನ್ನು ನಿಷೇಧಿಸಬೇಕಾಯಿತು. ಅಬಕಾರಿ ವರಮಾನವನ್ನು ನೆಚ್ಚಿದ ಸರಕಾರವೇ ತನ್ನ ಖರ್ಚಿನಿಂದ ಆ ವಾಚಿಕೆಯನ್ನು ಹಂಚಿತ್ತೆಂಬುದು ಈ ಪ್ರಸಂಗದ ಸ್ವಾರಸ್ಯ.

ಇನ್ನು ‘ಅನೌಪಚಾರಿಕ’ದ ಮಾತು. ಇದನ್ನು ಜಗತ್ತಿಗೆಲ್ಲ ಪರಿಚಯಿಸಿದವನು ಫಿಲಿಪ್ ಕೂಂಬ್ಸ್. 1968ರಲ್ಲಿ ಜಗತ್ತಿನ ಶಿಕ್ಷಣದ ಬಿಕ್ಕಟ್ಟನ್ನು ಕುರಿತು ಬರೆದ ಆತ, 1974ರಲ್ಲಿ ಮಂಜೂರ್ ಅಹಮದರೊಡನೆ ಸೇರಿ ಮೂರು ಬಗೆಗಳನ್ನು ಬಿಡಿಸಿಟ್ಟ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಶಾಲೆ ಕಾಲೇಜುಗಳದು ಔಪಚಾರಿಕ. ಮನೆ, ಹೊಲ, ಸಂತೆ, ರೇಡಿಯೋ ಇವುಗಳಿಂದ ಜೀವಮಾನವಿಡೀ ತಾನಾಗಿ ಬರುವುದು ಸಹಜ ಕಲಿಕೆ. ಇವೆರಡರ ನಡುವೆ, ಶಾಲೆಯ ಚೌಕಟ್ಟಿನ ಹೊರಗೆ, ಆದರೆ ಯಾರೋ ಉದ್ದೇಶಪೂರ್ವಕವಾಗಿ ಏರ್ಪಡಿಸಿದ ಕಲಿಕೆ ಅನೌಪಚಾರಿಕ. ಕೃಷಿ ಇಲಾಖೆಯವರು ರೈತರಿಗೆ ಕೊಡುವ ತರಬೇತಿ, ರಾತ್ರಿಶಾಲೆ, ಹೊಲಿಗೆ ತರಗತಿ ಎಲ್ಲವೂ ಇದರಲ್ಲಿ ಸೇರುತ್ತವೆ. ಕೂಂಬ್ಸನ ವಿಂಗಡಣೆಯಲ್ಲಿ ಮೇಲುಕೀಳಿರಲಿಲ್ಲ. ಗ್ರಾಮದ ಬಡತನಕ್ಕೆ ಶಾಲೆಯೊಂದೇ ಮದ್ದಲ್ಲವೆಂದಷ್ಟೆ ಅವನ ವಾದ.

ನಮ್ಮಲ್ಲಿ ಆದದ್ದೇ ಬೇರೆ. 1979–80ರಲ್ಲಿ ಕೇಂದ್ರ ಸರಕಾರ ಶಿಕ್ಷಣದಲ್ಲಿ ಹಿಂದುಳಿದ ಒಂಬತ್ತು ರಾಜ್ಯಗಳಲ್ಲಿ ಅನೌಪಚಾರಿಕ ಶಿಕ್ಷಣದ ಯೋಜನೆಯನ್ನು ಆರಂಭಿಸಿತು. ಯಾರಿಗೆ? ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ: ದನ ಕಾಯುವವರಿಗೆ, ಬೀಡಿ ಕಟ್ಟುವವರಿಗೆ, ತಮ್ಮ ತಂಗಿಯರನ್ನು ಎತ್ತಿ ಆಡಿಸುವ ಹುಡುಗಿಯರಿಗೆ. ದಿನವೆಲ್ಲ ದುಡಿದು ಬಂದ ಮಗುವಿಗೆ ಸಂಜೆ ಒಂದೆರಡು ಗಂಟೆಯ ಪಾಠ. ಕಲಿಸುವವರಿಗೆ ಸಂಬಳವಿಲ್ಲ, ಅಲ್ಪ ಗೌರವಧನ. ಸಂವಿಧಾನದ 45ನೆಯ ವಿಧಿ ಆ ವಯಸ್ಸಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಶಿಕ್ಷಣ ಒದಗಿಸುವ ಪ್ರಯತ್ನಕ್ಕೆ ಸರಕಾರವನ್ನು ಕಟ್ಟಿಹಾಕಿತ್ತು. ಆ ಗಡುವು 1960ಕ್ಕೇ ಮುಗಿದಿತ್ತು. ಮಗುವಿನ ದುಡಿಮೆಯನ್ನು ತಪ್ಪಿಸಲಾರದ ಸರಕಾರ ಆ ದುಡಿಮೆಗೆ ಅನುಕೂಲವಾದ ವೇಳಾಪಟ್ಟಿಯನ್ನು ತಯಾರಿಸಿ ಅದಕ್ಕೊಂದು ಗೌರವದ ಹೆಸರನ್ನಿಟ್ಟಿತು. ಉಪಚಾರವಿಲ್ಲದ ಶಿಕ್ಷಣವೋ ಎಂದು ಹಳ್ಳಿಯ ಹಿರಿಯರು ಕೇಳಬಹುದಾದ ಪ್ರಶ್ನೆಯನ್ನು ಈಗ ನೆನೆಯಬಹುದು. ಆ ಕೇಂದ್ರಗಳಲ್ಲಿ ಲಾಟೀನಿನ ಬೆಳಕಿನಲ್ಲಿ ಶ್ರದ್ಧೆಯಿಂದ ಕಲಿಸಿದ ತರುಣರನ್ನು ಇದರಿಂದ ಹಳಿದಂತಾಗಲಿಲ್ಲ. ದೊಡ್ಡವರ ಬಿಡುಗಡೆಗೆಂದು ಹುಟ್ಟಿದ ಮಾತನ್ನು ಚಿಕ್ಕವರ ಮೇಲೆ ಹೊದಿಸಿದ್ದು ಅವರಲ್ಲ.

ಇದಕ್ಕೆ ಎದುರು ವಾದವೂ ನೆರೆಯ ನಾಡಿನಿಂದಲೇ ಬಂದಿತು. ರಂಗಾರೆಡ್ಡಿ ಜಿಲ್ಲೆಯಲ್ಲಿ ಶಾಂತಾ ಸಿನ್ಹಾ ಅವರು ಎಂ. ವಿ. ಪ್ರತಿಷ್ಠಾನದ ಮೂಲಕ ಕೆಲಸ ಮಾಡುತ್ತ, ಶಾಲೆಯಲ್ಲಿಲ್ಲದ ಪ್ರತಿಯೊಂದು ಮಗುವೂ ಬಾಲಕಾರ್ಮಿಕನೇ, ಅದಕ್ಕೆ ಬೇಕಾದುದು ಹಗಲಿನ ಪೂರ್ತಿ ಶಾಲೆ, ಸಂಜೆಯ ಕೇಂದ್ರವಲ್ಲ ಎಂದು ಹಟ ಹಿಡಿದರು. ಹೊರಗುಳಿದ ಮಕ್ಕಳನ್ನು ಕೆಲವು ತಿಂಗಳು ಶಿಬಿರದಲ್ಲಿಟ್ಟು ಅವರ ವಯಸ್ಸಿಗೆ ತಕ್ಕ ತರಗತಿಗೆ ದಾಟಿಸುವುದು ಅವರ ಕ್ರಮ. 2003ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಆ ವೇಳೆಗೆ ಹಳೆಯ ಯೋಜನೆಯ ಹೆಸರೂ ಹೋಗಿ, ‘ಪರ್ಯಾಯ ಮತ್ತು ನಾವೀನ್ಯಪೂರ್ಣ ಶಿಕ್ಷಣ’ ಎಂಬ ಇನ್ನಷ್ಟು ಉದ್ದದ ಹೆಸರು ಬಂದಿತ್ತು. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆ, ಶಾಲೆಯಿಂದ ಹೊರಗುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದು ವಿಧಿಸಿತು.

ದೊಡ್ಡವರ ಪಾಲಿಗಾದರೋ ನಾಮಕರಣ ಇನ್ನೂ ಮುಗಿದಿಲ್ಲ. 1978ರಲ್ಲಿ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್, 2022ರಲ್ಲಿ ನವಭಾರತ ಸಾಕ್ಷರತಾ ಕಾರ್ಯಕ್ರಮ. ಈ ಕೊನೆಯದರ ಸಂದರ್ಭದಲ್ಲಿ, ಹದಿನೈದು ವರ್ಷ ತುಂಬಿದ ಎಲ್ಲ ನಿರಕ್ಷರರೂ ‘ವಯಸ್ಕರ ಶಿಕ್ಷಣ’ವೆಂಬ ಮಾತಿನಲ್ಲಿ ಸರಿಯಾಗಿ ಅಡಕವಾಗುವುದಿಲ್ಲವೆಂದು ಕೇಂದ್ರ ಸರಕಾರ ಆ ಹೆಸರನ್ನು ಬಿಟ್ಟು ‘ಎಲ್ಲರಿಗೂ ಶಿಕ್ಷಣ’ವೆಂದು ಕರೆಯಲು ನಿರ್ಧರಿಸಿತು.

ಕರ್ನಾಟಕದಲ್ಲಿ ಹೊರಗುಳಿದ ಮಕ್ಕಳನ್ನು ಕರೆತರಲು ನಡೆಸಿದ ಕಾರ್ಯಕ್ರಮವೊಂದರ ಹೆಸರು ‘ಕೂಲಿಯಿಂದ ಶಾಲೆಗೆ’. ಕೂಲಿಮಠದ ದಿನಗಳಲ್ಲಿ ಆ ಕೂಲಿ ಐಗಳದಾಗಿತ್ತು.